ಎಸೆಯದೆ ಬಿಟ್ಟ ಕುಂಡಗಳು

ಗುರುವಾರ, ಮಧ್ಯಾಹ್ನ
ಪ್ರಯೋಗದ ಗಾಜಿನ ಮನೆಯಿಂದ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಸೋಮಾರಿತನಕ್ಕೆ ಕೃತಜ್ಞತೆ ಹೇಳಲು ಈ ಕಾಗದ. ಮದುವೆಯಾದಾಗಿನಿಂದ ಅದನ್ನು ಬೈದೇ ಅಭ್ಯಾಸ. ಹೊಗಳುವಾಗ ಮಾತು ಅಡ್ಡಾದಿಡ್ಡಿ ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೊಟ್ಟಿಯ ಪಾಚಿಯಲ್ಲಿ ಜಾರಿ ನಾನು ಬಲಗೈ ಮುರಿದುಕೊಂಡಾಗ, ಬೇರೆ ಮನೆ ಮಾಡಿಕೊಂಡಿದ್ದ ನೀವು ಕರೆಯದೆಯೇ ಬಂದಿರಿ. ಅಡುಗೆ ಮಾಡಿದಿರಿ. ತಲೆ ಬಾಚಿದಿರಿ; ಶಾಲೆಯಲ್ಲಿ ಮಕ್ಕಳಿಗೆ ಗೆರೆ ಎಳೆಯಲು ಕಲಿಸುವವರ ಕೈಯಲ್ಲಿ ನನ್ನ ಬೈತಲೆ ಒಮ್ಮೆಯೂ ನೆಟ್ಟಗೆ ಬರಲಿಲ್ಲ. ಸಂಜೆ ಇಲ್ಲಿಗೂ ಬಂದು ನನ್ನ ಬದಲು ತೊಟ್ಟಿಗಳ ನೀರಿನ ಮಟ್ಟ ನೋಡುತ್ತಿದ್ದಿರಿ. ಸೋಯಾ ಗಿಡಗಳು ಕುಂಡಸಮೇತ ನೀರಲ್ಲಿ ನಿಂತು ಹಳದಿಯಾಗುತ್ತಿದ್ದವು. “ಏನ್ ಡಾಕ್ಟ್ರಮ್ಮ, ಮುಳುಗಿಸೋಳೂ ನೀನೇ, ಬದುಕಿದ್ಯಾ ಅಂತ ಕೇಳೋಳೂ ನೀನೇ” ಎಂದು ನಗುತ್ತಿದ್ದಿರಿ. ಹೊಲದಲ್ಲಿ ಮಳೆನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ, ಅದನ್ನು ತಾಳಿಕೊಳ್ಳುವ ತಳಿ ಬೇಕು ಎಂದು ನಾನು ಪಾಠ ಒಪ್ಪಿಸಿದೆ. ಈ ಹಂಗಾಮಿನಲ್ಲಿ ಸಿಗದಿದ್ದರೆ ಪ್ರಯೋಗವನ್ನೇ ಮುಚ್ಚುತ್ತಾರೆ ಎಂದೂ ಹೇಳಿದೆ. ಅದಕ್ಕೆ ನೀವು ನಗಲಿಲ್ಲ.

ನೀರು ಬಸಿದ ದಿನವೇ ಅಂಕ ಕೊಡುವುದು ನಮ್ಮಲ್ಲಿ ರೂಢಿ. ಹಸಿರು ಉಳಿಸಿಕೊಂಡದ್ದು ಪಾಸು, ಎಲೆ ಉದುರಿಸಿದ್ದು ಫೇಲು. ಈ ಸಲ ಎಲ್ಲವೂ ಫೇಲು. ಕುಂಡಗಳನ್ನು ಗೊಬ್ಬರದ ಗುಂಡಿಗೆ ಸುರಿದು ಬನ್ನಿ ಎಂದು ನಿಮ್ಮನ್ನು ಕಳಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂತೆ. ನೀವು ಬೇಗನೆ ಬಂದಿರಿ. ಆಯ್ತಾ ಎಂದರೆ “ಹ್ಞೂಂ, ಆಯ್ತು” ಅಂದಿರಿ.

ಆಗಿರಲಿಲ್ಲ. ಶೆಡ್ಡಿನ ಹಿಂದೆ, ಸೂರಿನ ನೀರು ತೊಟ್ಟಿಕ್ಕುವ ಕಡೆ ಗೋಡೆಗೆ ಒತ್ತಿಟ್ಟು ಬಂದಿದ್ದಿರಿ. ನಿನ್ನೆ ಪೈಪು ಹುಡುಕುತ್ತಾ ಅತ್ತ ಹೋದೆ. ಹೆಚ್ಚಿನವು ಒಣಗಿ ಕಡ್ಡಿಯಾಗಿದ್ದವು. ಒಂದು ತಳಿ ಮಾತ್ರ, ಅದರ ಅಷ್ಟೂ ಕುಂಡಗಳಲ್ಲಿ, ಬುಡದಿಂದ ಬಿಳಿ ಬೇರು ಬಿಟ್ಟು ತುದಿಯಲ್ಲಿ ಹೊಸ ಎಲೆ ಬಿಚ್ಚಿತ್ತು. ಅದಕ್ಕೆ ನಾನು ಕೊಟ್ಟದ್ದು ಸೊನ್ನೆ. ಬಸಿದ ಮಾರನೆಯ ದಿನ ಗಿಡ ಏನು ಮಾಡುತ್ತದೆಂದು ಇಷ್ಟು ವರ್ಷ ನಾವ್ಯಾರೂ ನೋಡಿರಲಿಲ್ಲ.

ಮುಖ್ಯಸ್ಥರನ್ನು ಕರೆತಂದೆ. ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಇವನ್ನು ಉಳಿಸಿದ್ದು ಯಾರು ಎಂದರು. “ನಮ್ಮನೆಯವರು” ಅಂದೆ. ಆ ಮಾತು ಬಾಯಿಗೆ ಬಂದು ಎಷ್ಟು ಕಾಲವಾಗಿತ್ತೋ. ಅವರೂ ವಿಜ್ಞಾನಿಯೇ ಎಂದು ಕೇಳಿದರು. “ಇಲ್ಲ ಸರ್, ಸೋಮಾರಿ” ಅಂದೆ. ಇನ್ನೊಂದು ಹಂಗಾಮು ಕೊಟ್ಟಿದ್ದಾರೆ.

ಸೋಮಾರಿತನ ಎಂದೇ ಬರೆದಿದ್ದೇನೆ. ಅವತ್ತು ಕುಂಡ ಎತ್ತುವ ಮುಂಚೆ ನೀವು ನನ್ನ ಬೆನ್ನನ್ನೇ ನೋಡುತ್ತಾ ನಿಂತಿದ್ದು ಕಿಟಕಿಯ ಗಾಜಿನಲ್ಲಿ ಕಂಡಿತ್ತು. ಬೇರೆ ಕಾರಣವಿದ್ದರೆ ಹೇಳಬೇಡಿ; ನನಗೆ ಇಷ್ಟೇ ಹೊರಲು ಸಾಧ್ಯ.

ಬಸ್ಸು ಹತ್ತುವಾಗ “ಕೈ ಸರಿಹೋಯ್ತಲ್ಲ, ಇನ್ನು ನನ್ನದೇನು ಕೆಲಸ ಇಲ್ಲಿ” ಅಂದಿರಿ. ನಾನು ನಿಮ್ಮ ಚೀಲ ಎತ್ತಿಕೊಟ್ಟೆ, ಅದೇ ಕೈಯಲ್ಲಿ.

ನಿಮ್ಮ ಉಪಕಾರ ಮರೆಯದ,
ಡಾಕ್ಟ್ರಮ್ಮ

ಮರೆತಿದ್ದೆ: ಪ್ಲಾಸ್ಟರ್ ಬಿಚ್ಚಿಸಲು ಆಸ್ಪತ್ರೆಯವರು ಬರಹೇಳಿದ್ದು ನಾವು ಹೋದ ದಿನಕ್ಕಲ್ಲ, ಅದರ ಹಿಂದಿನ ವಾರಕ್ಕೆ. ಬಿಡುವಿಲ್ಲ ಎಂದು ಫೋನ್ ಮಾಡಿ ಮುಂದಕ್ಕೆ ಹಾಕಿಸಿದವಳು ನಾನೇ. ಈಗ ಎರಡೂ ಕೈ ಚೆನ್ನಾಗಿವೆ. ಆದರೂ ಬನ್ನಿ.