ಕಡಲ ಹಸಿರು ಬಲ್ಲವರಿಗೆ ನಮ್ಮ ಕೆರೆಯ ಹಸಿರಿನ ವಿಚಾರ

ಮಾನ್ಯ ನಿರ್ದೇಶಕರೇ,

ನಮ್ಮೂರ ಕೆರೆ ಹಸಿರಾಗಿದೆ, ಅದರ ನೀರು ಕುಡಿದ ಹಸುವೊಂದು ಸತ್ತಿದೆ. ಆ ಹಸಿರು ಎಂಥದ್ದೆಂದು ಹೇಳಲು ಎರಡು ತಿಂಗಳಿಂದ ನಿಮ್ಮ ಕಚೇರಿಗೆ ಪುರುಸೊತ್ತಾಗಿಲ್ಲ. ಆರುನೂರು ಮೈಲಿ ಎತ್ತರದ ಉಪಗ್ರಹದಿಂದ ಕಡಲಿನ ಬಣ್ಣ ಅಳೆಯುವ ಕಚೇರಿಯಲ್ಲವೇ ತಮ್ಮದು?

ಮಾಘಮಾಸದಲ್ಲಿ ತಾವು ರೇಡಿಯೊದಲ್ಲಿ ಮಾತನಾಡಿದಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರಿನಲ್ಲಿ ತೇಲುತ್ತವೆ, ಕಡಲಿನ ಹಸಿರೆಲ್ಲ ಅವುಗಳದ್ದೇ, ಅದೇ ಮೀನುಗಳ ಅನ್ನ ಎಂದಿರಿ. ಒಂದೊಂದು ಬಗೆಯ ಸಸ್ಯ ಬೆಳಕನ್ನು ಒಂದೊಂದು ರೀತಿ ನುಂಗುವುದರಿಂದ, ಬಣ್ಣ ನೋಡಿಯೇ ಜಾತಿ ಗುರುತಿಸುವ ಕಾಲ ದೂರವಿಲ್ಲ ಎಂದೂ ಹೇಳಿದಿರಿ. ನಿವೃತ್ತ ಮೇಷ್ಟರಾದ ನಾನು ಎಲ್ಲವನ್ನೂ ಬರೆದುಕೊಂಡೆ. ಮರುವಾರ ನೆರೆಮನೆಯ ಸಿದ್ದಮ್ಮ ಹಸು ಹಿಡಿದು ಕೆರೆ ಏರಿಯ ಮೇಲೆ ನಿಂತಿದ್ದಳು.

“ಮೇಷ್ಟ್ರೇ, ನೀರು ಬಣ್ಣ ತಿರುಗೈತೆ. ಕುಡಿಸ್ಲಾ, ಬ್ಯಾಡ್ವಾ?”

“ಅದು ಮೀನಿನ ಅನ್ನ ಕಣಮ್ಮ, ಏನೂ ಆಗಲ್ಲ, ಕುಡಿಸು” ಎಂದೆ.

ಸಂಜೆಯೊಳಗೆ ಹಸು ಹೋಯಿತು. ತಾವು ಹಲವು ಬಗೆ ಎಂದಿದ್ದಿರಿ, ಅದರಲ್ಲಿ ವಿಷದ್ದೂ ಇದ್ದೀತೆಂದು ಯೋಚಿಸದೆ ನಾನು ಅನ್ನವೊಂದನ್ನೇ ಹಿಡಿದುಕೊಂಡೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಆಮೇಲೆ ಕೆರೆಯ ನೀರನ್ನು ಸೀಸೆಯಲ್ಲಿ ತುಂಬಿ ತಮಗೆ ಕಳುಹಿಸಿದೆ. ನಮ್ಮ ಸೀಮೆಯಲ್ಲಿ ಖಾಲಿ ಸೀಸೆ ಎಂದರೆ ಕೊಬ್ಬರಿ ಎಣ್ಣೆಯದೇ. ಸೀಗೆಪುಡಿ ಹಾಕಿ ಮೂರು ಸಲ ತೊಳೆದಿದ್ದೆ. ಆದರೂ ತಮ್ಮ ಕಚೇರಿಯ ಉತ್ತರ ಹೀಗಿತ್ತು: “ಮಾದರಿಯಲ್ಲಿ ಎಣ್ಣೆಯ ಪದರ ಕಂಡುಬಂದಿದೆ. ತಮ್ಮ ಕರಾವಳಿಯಲ್ಲಿ ಹಡಗು ಸೋರಿದ ದಿನಾಂಕ ತಿಳಿಸಿ.” ಸ್ವಾಮಿ, ಇದು ಚಿಕ್ಕನಾಯಕನಹಳ್ಳಿ ತಾಲ್ಲೂಕು. ಹಡಗು ನೋಡಬೇಕೆಂದರೆ ನಾವು ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಲಕೋಟೆಯ ಮೇಲಿನ ವಿಳಾಸವನ್ನಾದರೂ ಯಾರಾದರೂ ಓದಿದ್ದರೇ? ಅದನ್ನು ತಿಳಿಸಿ ಬರೆದರೆ ಎರಡನೆಯ ಉತ್ತರ ಬಂತು: ನಮ್ಮ ಕೆರೆ ತಮ್ಮ ಚಿತ್ರದ ಒಂದು ಚುಕ್ಕೆಗಿಂತ ಚಿಕ್ಕದಂತೆ, ಆದ್ದರಿಂದ ಪರಿಶೀಲಿಸಲಾಗದಂತೆ. ಕೆರೆಯನ್ನು ದೊಡ್ಡದು ಮಾಡಿ ಮತ್ತೆ ಅರ್ಜಿ ಹಾಕಬೇಕೇ?

ಆಕಾಶದಿಂದ ನೋಡುವುದು ಬೇಡ. ಒಂದು ಸೂಕ್ಷ್ಮದರ್ಶಕವನ್ನೂ ಅದರಲ್ಲಿ ನೋಡಬಲ್ಲ ಒಬ್ಬರನ್ನೂ ಈ ತಿಂಗಳೊಳಗೆ ತಿಪಟೂರಿನ ರೈಲು ಹತ್ತಿಸಿ. ಊಟ ನಮ್ಮ ಮನೆಯಲ್ಲಿ, ಕುಡಿಯಲು ಎಳನೀರು.

ಸತ್ತ ಹಸುವಿನ ಕರುವೊಂದಿದೆ. ಸಿದ್ದಮ್ಮ ಅದಕ್ಕೆ ತೋಟದ ಬಾವಿಯಿಂದ ನೀರು ಹೊರುತ್ತಾಳೆ. ನನ್ನನ್ನು ಅವಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿನ್ನೆ ಮತ್ತೆ ನನ್ನ ಬಾಗಿಲಿಗೇ ಬಂದು ಕೇಳಿದಳು: “ಕರುನ ಕೆರೆಗೆ ಬುಡ್ಬೋದಾ ಮೇಷ್ಟ್ರೇ? ನೀವು ಹೇಳಿದಂಗೆ ಮಾಡ್ತೀನಿ.”

ಇಂತಿ,
ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಚಟ ಬಿಟ್ಟಿರುವ
ಮಲ್ಲಿಕಾರ್ಜುನಯ್ಯ
ನಿವೃತ್ತ ಮುಖ್ಯೋಪಾಧ್ಯಾಯ
ಶೆಟ್ಟಿಕೆರೆ, ೧೨-೫-೧೯೮೪