ದಿಂಬಿನ ಚೀಲದೊಳಗೆ ವೈರಸ್

ಜೂನ್ 3

ಬ್ರೈಲ್ ಪ್ರಿಂಟರ್ ಮತ್ತೆ ಹಠ ಹಿಡಿದು ಕೂತಿತ್ತು. ಅದರ ಜೊತೆ ಗುದ್ದಾಡುತ್ತಿರುವಾಗಲೇ ಕಾಲೇಜಿನ ಪ್ರಿನ್ಸಿಪಾಲರ ಫೋನ್. ನಮ್ಮ ಅಂಧ ಮಕ್ಕಳ ಶಾಲೆಯಲ್ಲಿ ಹತ್ತನೇ ಮುಗಿಸಿದ ಚೂಟಿ ಸೈನ್ಸ್ ಸೀಟು ಕೇಳಿದ್ದಾಳಲ್ಲ, ಅದಕ್ಕೆ. ಚಿತ್ರ ನೋಡದೆ ಬಯಾಲಜಿ ಹೇಗೆ ಓದುತ್ತಾಳೆ, ಆರ್ಟ್ಸ್ ಕೊಡಿಸಿ ಅಂದರು. ಮೈ ಉರಿಯಿತು. ಒಂದು ಪಾಠ ನೀವೇ ಆರಿಸಿ, ಅವಳೇ ಬಂದು ನಿಮಗೆ ಹೇಳಿಕೊಡುತ್ತಾಳೆ, ಸರಿ ಅನಿಸಿದರೆ ಸೀಟು ಕೊಡಿ ಅಂದುಬಿಟ್ಟೆ. ವೈರಸ್ ಅಂದರು. ಮುಂದಿನ ವಾರ, ಶುಕ್ರವಾರ.

ನನ್ನ ಬಾಯಿ ಸುಮ್ಮನಿರಬಾರದಿತ್ತೇ... ಚೂಟಿಗೆ ಹೇಳಿದರೆ ಕುಣಿದಾಡಿದಳು.

ಜೂನ್ 5, ಸಂಜೆ

ಬ್ಯಾಕ್ಟೀರಿಯಾಕ್ಕೆ ಗಂಟುಬೀಳುವ ವೈರಸ್ಸನ್ನೇ ಆರಿಸಿಕೊಂಡೆ. ಪ್ರೋಟೀನಿನ ಚಿಪ್ಪು, ಒಳಗೆ ಸುತ್ತಿಟ್ಟ ಡಿಎನ್‌ಎ, ಕೆಳಗೊಂದು ಬಾಲ — ಅಷ್ಟೇ ಸಂಸಾರ. ದಪ್ಪ ಬಟ್ಟೆಯಲ್ಲಿ ಆರು ಮೂಲೆಯ ತುಂಡು ಕತ್ತರಿಸಿ ಅಮ್ಮನ ಹೊಲಿಗೆ ಮಷೀನಿನಲ್ಲಿ ಜೋಡಿಸಿದೆ. ಚೆಂಡಾಗಬೇಕಿದ್ದದ್ದು ಚಪ್ಪಟೆಯಾಗಿ ಬಿದ್ದುಕೊಂಡಿತು. ಇನ್ನಷ್ಟು ಹೊಲಿದೆ. ಇನ್ನಷ್ಟು ಅಗಲವಾಯಿತು.

ಅಮ್ಮ ಅದರ ಮೇಲೆ ಕಾಲೊರೆಸಿಕೊಂಡು ಅಡುಗೆಮನೆಗೆ ಹೋದಳು. ಬೇಕಂತಲೇ.

ಜೂನ್ 6

ಚೂಟಿ ನನ್ನ ಕಾಲೊರೆಸುವ ವೈರಸ್ಸಿನ ಮೇಲೆ ಬೆರಳಾಡಿಸಿದಳು. ಎದ್ದು ಹೋಗಿ ಆಟದ ಕೋಣೆಯಿಂದ ಫುಟ್‌ಬಾಲ್ ತಂದಳು.

"ಮಿಸ್, ಇದ್ರಲ್ಲಿ ನಡುನಡುವೆ ಐದು ಮೂಲೇದು ಇದೆ. ಅದು ಇರೋ ಕಡೇನೇ ಬಾಗೋದು."

ಪುಸ್ತಕ ತೆಗೆದರೆ ಇದೆ! ಇಷ್ಟು ವರ್ಷ ಓದಿ ದಾಟಿಹೋದ ಸಾಲು — ಚಿಪ್ಪು ಮುಚ್ಚಿಕೊಳ್ಳಲು ಐದು ಮೂಲೆಯ ಜಾಗ ಹನ್ನೆರಡು ಬೇಕು. ಅವಳು ಫುಟ್‌ಬಾಲಿನಲ್ಲಿ ಎಣಿಸಿದಳು. ಹನ್ನೆರಡು! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಕ್ಕದ ಕ್ಲಾಸಿನ ಸಂಗೀತದ ಮೇಷ್ಟ್ರು ಇಣುಕಿ ನೋಡಿ ಹೋದರು.

ಜೂನ್ 9

ಐದು ಮೂಲೆಯ ಹನ್ನೆರಡು ತುಂಡು ಸೇರಿಸಿ ಹೊಲಿದ ಮೇಲೆ ಚಿಪ್ಪು ದುಂಡಗಾಯಿತು. ಜೀವಕೋಶ ಅಂದರೆ ಅಮ್ಮನ ದಿಂಬಿನ ಚೀಲ. ಹೊರಗೊಂದು ಅಂಟುಪಟ್ಟಿ. ವೈರಸ್ಸಿನ ಬಾಲ ಅಲ್ಲಿಗೇ ಕಚ್ಚಿಕೊಳ್ಳಬೇಕು, ಬೇರೆಲ್ಲೂ ಆಗದು. ಬಾಲದೊಳಗಿಂದ ಉಣ್ಣೆ ದಾರ ಕೋಶದೊಳಕ್ಕೆ ಜಾರುತ್ತದೆ — ಅದೇ ಡಿಎನ್‌ಎ. ಖಾಲಿ ಚಿಪ್ಪು ಹೊರಗೇ. ಒಳಗಿನ ಸಾಮಾನು ಕೋಶದ್ದು, ದುಡಿಮೆ ಕೋಶದ್ದು, ಯಜಮಾನಿಕೆ ಮಾತ್ರ ದಾರದ್ದು: ನನ್ನಂಥ ದಾರ ಮಾಡು, ನನ್ನ ಚಿಪ್ಪಿನ ತುಂಡು ಮಾಡು. ತುಂಡುಗಳು ತಾವೇ ಕೂಡಿಕೊಂಡು ಹೊಸ ವೈರಸ್.

"ಮಿಸ್, ಇದು ಊಟಕ್ಕೆ ಬಂದ ನೆಂಟ ಅಲ್ಲ. ಅಡುಗೆಮನೇನೇ ಕಿತ್ಕೊಂಡಿದೆ."

ಎಷ್ಟು ಚೆನ್ನಾಗಿ ಹೇಳಿದಳು! ಎಂಟು ಪುಟ್ಟ ವೈರಸ್ ಹೊಲಿದು, ಒಳಗೆ ಗಲಗಲ ಅನ್ನುವ ಮಣಿ ತುಂಬಿ, ಮೊದಲೇ ಚೀಲದಲ್ಲಿ ಬಚ್ಚಿಟ್ಟೆವು. ಚೀಲದ ಬಾಯಿಯನ್ನು ಅಮ್ಮ ಹೊಲಿದುಕೊಟ್ಟಳು.

ಜೂನ್ 14

ಕಾಲೇಜಿನಿಂದ ಈಗಷ್ಟೇ ಬಂದೆ. ಚೂಟಿ ತಡವರಿಸಲೇ ಇಲ್ಲ! ಪ್ರಿನ್ಸಿಪಾಲರ ಬೆರಳು ಹಿಡಿದು ಐದು ಮೂಲೆಯ ತುಂಡು ಮುಟ್ಟಿಸಿದಳು. ದಾರ ಒಳಗೆ ಹೋಯಿತು. ಆಗ ಅವರು ಕೇಳಿದರು, ಹೊಸವು ಹೊರಗೆ ಹೇಗೆ ಬರುತ್ತವೆ?

ಕೋಶ ಒಡೆದು, ಅಂದಳು. ಚೀಲದ ಬಾಯಿ ಎಳೆದಳು. ಬಿಚ್ಚಲಿಲ್ಲ. ಅಮ್ಮ ಎರಡೆರಡು ಸಲ ಹೊಲಿದಿದ್ದಾಳೆ!

"ಸರ್, ಆ ತುದಿ ಸ್ವಲ್ಪ ಹಿಡ್ಕೊಳ್ತೀರಾ?"

ಹಿಡಿದರು. ಇಬ್ಬರೂ ಎಳೆದರು. ಪರ್ರನೆ ಹರಿಯಿತು — ಗಲಗಲ ಗಲಗಲ, ಕೋಣೆಯ ತುಂಬ ವೈರಸ್. ಪ್ರಿನ್ಸಿಪಾಲರು ಮಂಡಿಯೂರಿ ಮೇಜಿನ ಕೆಳಗೆ. ಚೂಟಿ ನಿಂತಲ್ಲಿಂದಲೇ, ಸರ್ ಒಂದು ನಿಮ್ಮ ಎಡಗಡೆ, ಒಂದು ಬಾಗಿಲ ಹತ್ರ... ಸದ್ದು ಕೇಳಿಯೇ ಎಲ್ಲ ಹೇಳಿದಳು. ಏಳು ಸಿಕ್ಕಿತು. ಎಂಟನೆಯದು ಎಷ್ಟು ಹುಡುಕಿದರೂ ಇಲ್ಲ.

ತಿಳಿಸುತ್ತೇನೆ ಅಂದರು, ಅಷ್ಟೇ. ಗೇಟಿನ ಹತ್ತಿರ ಚೂಟಿಯ ದನಿ ಸಣ್ಣಗಾಗಿತ್ತು. "ಒಂದು ಕಳ್ದೋಯ್ತು ಮಿಸ್. ಎಲ್ಲ ಹಾಳಾಯ್ತಾ?"

ಜೂನ್ 18, ಮಧ್ಯಾಹ್ನ, ಸ್ಟಾಫ್‌ರೂಮ್

ನಾಲ್ಕು ದಿನ ಸುದ್ದಿಯೇ ಇರಲಿಲ್ಲ. ಈಗ ಫೋನ್.

"ಅಲಮಾರಿ ಹಿಂದೆ ಇತ್ತು ನಿಮ್ಮ ವೈರಸ್ಸು. ಆ ಹುಡುಗೀನೇ ಬಂದು ತಗೊಂಡು ಹೋಗ್ಲಿ. ಬರುವಾಗ ಎರಡು ಫೋಟೋ ತರೋಕೆ ಹೇಳಿ, ಅಡ್ಮಿಷನ್‌ಗೆ."

ಥ್ಯಾಂಕ್ಸ್ ಅಂದೆನೋ ಇಲ್ಲವೋ ನೆನಪಿಲ್ಲ. ಸಂತೋಷಕ್ಕೆ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಗೀಚುತ್ತಿದ್ದೇನೆ. ಕಾರಿಡಾರಿನಲ್ಲಿ ಕೋಲಿನ ಸದ್ದು. ಬಾಗಿಲಲ್ಲಿ ನಿಂತಿದ್ದಾಳೆ. ಯಾರ ಫೋನ್ ಮಿಸ್ ಅಂತ ಕೇಳುತ್ತಿದ್ದಾಳೆ. ಪೆನ್ನು ಇಡುತ್ತೇನೆ, ಮೊದಲು ಎರಡು ಫೋಟೋ ಇದೆಯಾ ಅಂತ ಕೇಳಬೇಕು.