ಎಲ್ಡನ್‌ನ ಬೆಂಡಿಗೆ ಹಾಕಿದ ಗಂಟು

ಅಕ್ಟೋಬರ್ ೧೭, ಗುರುವಾರ.

ಅಂಗೈ ಉರಿಯುತ್ತಿದೆ. ಆ ಮುದಿಯ ಎಲ್ಡನ್ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯಲು ಬಿಟ್ಟಿದ್ದ ಬೋನುಗಳನ್ನೆಲ್ಲ ಇವತ್ತು ನಾನೇ ಕಡಲಿಂದ ಎಳೆದು ತಂದೆ. ನಾಳೆ ಬಿರುಗಾಳಿಯಂತೆ, ಕಡಲಲ್ಲೇ ಬಿಟ್ಟರೆ ಒಂದೂ ಉಳಿಯದು. ಅವನು ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮೂರು ವಾರವಾಯಿತು.

ಮೂವತ್ತೊಂದು ವರ್ಷದಿಂದ ಅವನನ್ನು ಕಂಡರೆ ನನಗಾಗದು. ಕಡಲಲ್ಲಿ ನನ್ನ ಪಾಲಿನ ನೀರಿಗೆ ಬಂದು ಬೋನು ಬಿಡುತ್ತಿದ್ದ. ಬೋನಿನ ಹಗ್ಗಕ್ಕೆ ಕಟ್ಟಿ ಗುರುತಿಗೆ ಮೇಲೆ ತೇಲಿಬಿಟ್ಟ ಅವನ ಬೆಂಡಿಗೆ ನಾನು ಆ ಹಗ್ಗದಲ್ಲೇ ಎರಡು ಗಂಟು ಬಿಗಿದು ಬರುತ್ತಿದ್ದೆ. ಇನ್ನೊಮ್ಮೆ ಬಂದರೆ ಹಗ್ಗ ಕತ್ತರಿಸುತ್ತೇನೆ ಎಂದು ಅದರರ್ಥ. ಮರುವಾರ ನನ್ನ ಬೆಂಡಿಗೂ ಎರಡು ಗಂಟು. ಇಬ್ಬರೂ ಒಮ್ಮೆಯೂ ಕತ್ತರಿಸಿದ್ದು ಮಾತ್ರ ಇಲ್ಲ. ಯಾಕೋ.

ಅವನ ಅಂಗಳದಲ್ಲಿ ಬೋನು ಇಳಿಸುವಾಗ ಅವನ ಹೆಂಡತಿ ಬೆವರ್ಲಿ ಹೊರಗೆ ಬಂದಳು.

"ಮುದುಕ ಏಳ್ತಾನೇ ಇಲ್ಲ ಕಣೋ ವೆಂಡೆಲ್. ನಡಿ ಅಂದ್ರೆ ಗೋಡೆ ಕಡೆ ತಿರುಗ್ತಾನೆ. ನಿನ್ನ ಬೈಯೋದೂ ಬಿಟ್ಟಿದಾನೆ."

ನನಗೆ ಹೆದರಿಕೆಯಾಯಿತು. ಬೆಳಗಿನ ನಾಲ್ಕಕ್ಕೆ ನನ್ನನ್ನು ಎಬ್ಬಿಸುತ್ತಿದ್ದದ್ದೇ ಅವನಿಗಿಂತ ಮೊದಲು ಕಡಲಿಗಿಳಿಯಬೇಕೆಂಬ ಹಟ. ನನ್ನ ಹೆಂಡತಿ ರೂತ್ ಸತ್ತ ವರ್ಷವೂ ಎಬ್ಬಿಸಿದ್ದು ಅದೇ. ರೂತ್ ಮೇಲಿನ ಪ್ರೀತಿ ಮಲಗಿರು ಎನ್ನುತ್ತಿತ್ತು. ಈ ಹಾಳು ದ್ವೇಷ ಬೂಟು ಹಾಕಿಸಿತು.

ಅವನ ಹಳದಿ ಬೆಂಡೊಂದಕ್ಕೆ ಎರಡು ಗಂಟು ಬಿಗಿದು ಅವಳ ಕೈಗೆ ಕೊಟ್ಟೆ.

"ಇದನ್ನ ಅವನ ದಿಂಬಿನ ಪಕ್ಕ ಇಡು. ಯಾರು ಕೊಟ್ರು ಅಂತ ಹೇಳೋದೇನೂ ಬೇಡ."

"ನಿಮ್ಮಿಬ್ರಿಗೂ ಬುದ್ಧಿ ಇಲ್ಲ," ಎಂದಳು. ಕಣ್ಣು ಒರೆಸಿಕೊಂಡಳು.

ಊಟಕ್ಕೆ ಕೂತಾಗ ಅವಳ ಫೋನು. ಮುದುಕ ಎದ್ದು ಕೂತು ಊರುಗೋಲು ಕೇಳಿದನಂತೆ, ನನ್ನ ತಲೆ ಒಡೆಯೋಕೆ.

ಬರಲಿ. ಬಿರುಗಾಳಿ ಕಳೆದ ಮೇಲೆ ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಮರಳು ಚೆಲ್ಲಬೇಕು, ಮತ್ತೆ ಜಾರಿ ಬಿದ್ದಾನು.